ಯಲ್ದೂರಿನಿಂದ ತಂದ ಕುದುರೆ

ಈಗಲೂ ಯಾರಾದರೂ ಕುದುರೆ ನೋಡಿಕೊಡಿ ಎಂದು ಕರೆದರೆ ನಾನು ಮೊದಲು ಕೇಳುವುದು ಒಂದು ಕತ್ತಲೆ ಕೋಣೆಯನ್ನು. ಹಲ್ಲು, ಗೊರಸು, ಉಸಿರು ಎಲ್ಲ ಆಮೇಲೆ. ಮಾರುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಕೆಲವರಿಗೆ ಸಿಟ್ಟೂ ಬರುತ್ತದೆ. ಬರಲಿ. ಕತ್ತಲೆ ಕೋಣೆ ಬೇಕೇ ಬೇಕೆಂದು ಹಟ ಹಿಡಿಯಲು ಸಂಕೋಚಪಟ್ಟುಕೊಂಡ ಒಂದು ದಿನ ನನ್ನ ಹೆಗಲ ಮೇಲೆ ಇನ್ನೂ ಕೂತಿದೆ. ಇಳಿಯುವ ಹಾಗೆ ಕಾಣುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಲೂರಿನ ಹೊರಗೆ, ಹೆಂಚಿನ ಕಾರ್ಖಾನೆಗಳ ಆಚೆ, ಸೈನ್ಯದಿಂದ ನಿವೃತ್ತರಾದ ಸಾಹೇಬರೊಬ್ಬರು ಹತ್ತು ಹನ್ನೆರಡು ಕುದುರೆ ಇಟ್ಟುಕೊಂಡು ಸವಾರಿ ಕಲಿಸುತ್ತಿದ್ದರು. ಕುದುರೆ ಪಳಗಿಸುವುದು, ಹೊಸ ಕುದುರೆ ಕೊಂಡು ತರುವುದು ನನ್ನ ಕೆಲಸ. ಸಾಹೇಬರು ಎಲ್ಲೋ ವಿದೇಶದಲ್ಲಿದ್ದಾಗ ಅಲ್ಲಿನ ದನಗಾಹಿಗಳ ಒಂದು ಸವಾರಿ ಪದ್ಧತಿ ನೋಡಿ ಮರುಳಾಗಿ ಬಂದಿದ್ದರು. ಅದಕ್ಕೆ ರೈನಿಂಗ್ ಎನ್ನುತ್ತಿದ್ದರು. ಸವಾರ ಒಂದೇ ಕೈಯಲ್ಲಿ ಲಗಾಮು ಹಿಡಿದಿರುತ್ತಾನೆ, ಅದೂ ಜೋತುಬೀಳುವಷ್ಟು ಸಡಿಲವಾಗಿ. ಬಾಯಿ ಎಳೆಯುವ ಹಾಗಿಲ್ಲ. ಲಗಾಮಿನ ಪಟ್ಟಿ ಕತ್ತಿಗೆ ಸೋಕಿದರೆ ಸಾಕು, ಕುದುರೆ ತಿರುಗಬೇಕು. ದೊಡ್ಡ ಸುತ್ತು, ಚಿಕ್ಕ ಸುತ್ತು, ನಿಂತಲ್ಲೇ ಬುಗುರಿಯ ಹಾಗೆ ಸುತ್ತು. ಕೊನೆಗೆ ಒಂದು ನೇರ ಓಟ. ಸವಾರ ಹಿಂದಕ್ಕೆ ಭಾರ ಬಿಟ್ಟು ಕೂತೊಡನೆ ಕುದುರೆ ಹಿಂಗಾಲು ಊರಿ ಜಾರಿಕೊಂಡು ನಿಲ್ಲಬೇಕು. ದಸರಾ ಕಳೆದ ಮೇಲೆ ಸೈನ್ಯದ ಹಳೆಯ ಗೆಳೆಯರನ್ನೆಲ್ಲ ಕರೆಸಿ ಇದನ್ನು ತೋರಿಸಬೇಕೆಂದು ಅವರು ಹಟ ಹಿಡಿದಿದ್ದರು. ನಮ್ಮಲ್ಲಿದ್ದ ಕುದುರೆಗಳಲ್ಲಿ ಒಂದಕ್ಕೂ ಅಂಥ ಸೂಕ್ಷ್ಮ ಇರಲಿಲ್ಲ.

ಆ ವರ್ಷವೇ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಮಾಲೂರಿನಲ್ಲೇ ಕೊಂಡ ಗಂಡು ಕುದುರೆಯೊಂದು ಮೂರು ದಿನ ಚೆನ್ನಾಗಿ ಓಡಿ ನಾಲ್ಕನೆಯ ದಿನ ಕುಂಟತೊಡಗಿತ್ತು. ಮಾರಿದವನು ನೋವು ತಿಳಿಯದ ಮದ್ದು ಹಾಕಿ ಕೊಟ್ಟಿದ್ದ. ಸಾಹೇಬರು ನಾಲ್ಕು ಜನರೆದುರು ಬೈಯಲಿಲ್ಲ. ಒಳಗೆ ಕರೆದು ಮೆತ್ತಗೆ, "ಇನ್ನೊಂದು ಸಲ ಹೀಗಾದ್ರೆ ಬೇರೆ ಕಡೆ ಕೆಲಸ ನೋಡ್ಕೊಳಪ್ಪ" ಎಂದರು. ಬೈದಿದ್ದರೇ ಚೆನ್ನಾಗಿತ್ತು. ಹೆಂಡತಿ, ಎರಡು ಮಕ್ಕಳು, ಅವರು ಇರಲು ಕೊಟ್ಟಿದ್ದ ಎರಡು ಕೋಣೆಯ ಮನೆ, ಎಲ್ಲವೂ ಆ ಮಾತಿಗೆ ತಗಲಿಕೊಂಡಿದ್ದವು. ಈ ಸಲ ತರುವ ಕುದುರೆಯಲ್ಲಿ ಐಬಿದ್ದರೆ ನಾನು ಗಂಟುಮೂಟೆ ಕಟ್ಟಬೇಕು ಎಂಬುದು ಸ್ಪಷ್ಟವಾಗಿತ್ತು. ದಸರಾಕ್ಕೆ ಎರಡು ತಿಂಗಳ ಮೇಲೆ ಕೆಲವು ದಿನ ಬಾಕಿ ಇತ್ತು.

ಮೊದಲು ಕೋಲಾರಕ್ಕೆ ಹೋದೆ. ಅಲ್ಲಿನ ಜಟಕಾ ಕುದುರೆಗಳಲ್ಲಿ ಎರಡು ಮೂರು ನೋಡಲು ಲಕ್ಷಣವಾಗಿದ್ದವು. ಆದರೆ ವರ್ಷಗಟ್ಟಲೆ ಕಡಿವಾಣ ಎಳೆಸಿಕೊಂಡು ಅವುಗಳ ಬಾಯಿ ಮರಗಟ್ಟಿತ್ತು. ಕತ್ತಿಗೆ ಲಗಾಮು ಸೋಕಿಸಿದರೆ ನೊಣ ಕೂತಿತೆಂದು ತಲೆ ಒದರುತ್ತಿದ್ದವು. ನನ್ನ ಅವಸ್ಥೆ ನೋಡಿ ಜಟಕಾದವರು ಹೊಟ್ಟೆ ತುಂಬಾ ನಕ್ಕರು. ಬಾಯಿ ಎಳೆಯದೆ ತಿರುಗಬೇಕಾದರೆ ಸೈಕಲ್ ಕೊಂಡುಕೋ ಎಂದು ಬುದ್ಧಿ ಹೇಳಿದರು.

ಮುಳಬಾಗಿಲಿನಲ್ಲಿ ಒಬ್ಬ ಏಳು ವರ್ಷದ್ದೆಂದು ಬಿಳಿ ಕುದುರೆ ತೋರಿಸಿದ. ಮೈ ತಿಕ್ಕಿ ತಿಕ್ಕಿ ಹೊಳೆಸಿದ್ದ. ಬಾಯಿ ತೆರೆಸಿ ನೋಡಿದರೆ, ಹರೆಯದ ಕುದುರೆಯ ಹಲ್ಲಿನಲ್ಲಿರುವಂಥ ಕಪ್ಪು ಗುಳಿಗಳೆಲ್ಲ ಕಾಯಿಸಿದ ಕಂಬಿಯಿಂದ ಸುಟ್ಟು ಮಾಡಿದವು. ಹಲ್ಲು ಮುಂದಕ್ಕೆ ಚಾಚಿಕೊಂಡ ಓರೆ ನೋಡಿದರೆ ವಯಸ್ಸು ಹದಿನೈದು ದಾಟಿತ್ತು. ನಾನು ಅದರ ಬಾಯಿ ಮುಚ್ಚಿಸಿ ಕೈ ಒರೆಸಿಕೊಂಡೆ. ಪಕ್ಕದಲ್ಲಿ ಬೀಡಿ ಸೇದುತ್ತಾ ನಿಂತಿದ್ದ ದಲ್ಲಾಳಿಯೊಬ್ಬ ಅದನ್ನು ಗಮನಿಸಿದ. ಗೇಟಿನ ತನಕ ಜೊತೆಗೇ ಬಂದು, ನನಗೆ ಬೇಕಾದ ಕುದುರೆ ಎಂಥದೆಂದು ಕೇಳಿ ತಿಳಿದುಕೊಂಡ.

"ಶ್ರೀನಿವಾಸಪುರದ ಕಡೆ ಯಲ್ದೂರಲ್ಲಿ ಒಂದೈತೆ ಭಾಯ್," ಎಂದ. "ಮಾವಿನ ತೋಪಿನ ಯಜಮಾನ್ರದ್ದು. ಒಂದು ಕೈಲಿ ಛತ್ರಿ, ಒಂದು ಕೈಲಿ ಲಗಾಮು ಹಿಡ್ಕೊಂಡು ತೋಪೆಲ್ಲಾ ತಿರುಗೋರು. ನೀನ್ ಕೇಳೋ ಆಟ ಅದಕ್ಕೆ ಆವಾಗ್ಲೇ ಬತ್ತದೆ."

ಅಲ್ಲೇ ಅವನ ಜೊತೆ ಹೋಗುವ ದಿನ ಗೊತ್ತುಮಾಡಿಕೊಂಡೆ. ಒಂದು ಕೈ ಸದಾ ಛತ್ರಿಗೆ ಹೋದರೆ ಕುದುರೆ ಇನ್ನೊಂದು ಕೈಗೆ ತಾನಾಗಿಯೇ ಪಳಗಿರುತ್ತದೆ. ಬಗ್ಗಿದ ಕೊಂಬೆಗಳ ನಡುವೆ ಇಡೀ ದಿನ ಸುತ್ತು, ತಿರುವು, ನಿಲುಗಡೆ. ಸಾಹೇಬರು ವಿದೇಶದಲ್ಲಿ ನೋಡಿ ಬಂದದ್ದು ನಮ್ಮ ಸೀಮೆಯ ಮಾವಿನ ತೋಪಿನೊಳಗೆ ಯಾರೂ ಹೆಸರಿಡದೆ ನಡೆಯುತ್ತಿತ್ತು.

ಯಲ್ದೂರಿಗೆ ಹೋದ ದಿನ ಶ್ರಾವಣದ ಮೋಡ ಕವಿದು ಬೆಳಗ್ಗೆಯೇ ಮಬ್ಬಾಗಿತ್ತು. ಕಾಯಿ ಇಳಿಸಿ ಮುಗಿದು ತೋಪು ಬಿಕೋ ಎನ್ನುತ್ತಿತ್ತು. ಯಜಮಾನರಿಗೆ ಎಪ್ಪತ್ತರ ಹತ್ತಿರ. ಹರ್ನಿಯಾ ಆಪರೇಷನ್ ಆಗಿ ಡಾಕ್ಟರು ಸವಾರಿ ಬಿಡಿಸಿದ್ದರು. ಮಕ್ಕಳು ತೋಪಿಗೆ ಮೋಟಾರ್ ಬೈಕಿನಲ್ಲಿ ಬರುತ್ತಿದ್ದರು, ಕುದುರೆಯ ಹತ್ತಿರ ಸುಳಿಯುತ್ತಿರಲಿಲ್ಲ. ದಿನವೂ ನಡೆಯದೆ ನಿಂತಲ್ಲೇ ನಿಂತು ಅದರ ಕಾಲು ಊದಿಕೊಳ್ಳುತ್ತಿದೆ, ಸವಾರಿ ಬಲ್ಲವರ ಕೈಗೆ ಸೇರಿದರೆ ಸಾಕೆಂದು ಮಾರುತ್ತಿರುವುದಾಗಿ ಅವರು ಹೇಳಿದರು. ಅವರ ಹೆಂಡತಿ ಕುದುರೆಯನ್ನು ಕೊಟ್ಟಿಗೆಯಿಂದ ಹೊರಗೆ ನಡೆಸಿಕೊಂಡು ಬಂದು ಒಂದು ದೊಡ್ಡ ಮಾವಿನ ಮರದ ಕೆಳಗೆ ನಿಲ್ಲಿಸಿದರು.

ಕಂದು ಬಣ್ಣದ ಹೆಣ್ಣುಕುದುರೆ. ತುಂಬು ಎದೆ, ಗಿಡ್ಡ ಬೆನ್ನು. ನಾನು ಮೈಗೂದಲಿನ ಸುಳಿಯಿಂದ ಶುರುಮಾಡಿದೆ. ನಮ್ಮ ಕಡೆ ಸುಳಿ ಕೆಟ್ಟ ಪ್ರಾಣಿಯನ್ನು ಪುಕ್ಕಟೆ ಕೊಟ್ಟರೂ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಣೆ, ಎದೆ, ಪಕ್ಕೆ ಎಲ್ಲ ಶುದ್ಧವಾಗಿತ್ತು. ಹಲ್ಲು ಒಂಬತ್ತು ವರ್ಷ ಹೇಳಿತು, ಸುಳ್ಳಿರಲಿಲ್ಲ. ನಾಲ್ಕು ಗೊರಸನ್ನೂ ಎತ್ತಿ ಉಳಿ ತಟ್ಟಿ ನೋಡಿದೆ. ಓಡಿಸಿ ನಿಲ್ಲಿಸಿ ಪಕ್ಕೆಗೆ ಕಿವಿ ಕೊಟ್ಟೆ. ಮಾಲೂರಿನ ಪೆಟ್ಟು ನೆನಪಿದ್ದುದರಿಂದ ಕಾಲಿನ ಒಂದೊಂದು ನರವನ್ನೂ ಎರಡೆರಡು ಸಲ ಒತ್ತಿದೆ. ಕಣ್ಣು ತಿಳಿಯಾಗಿ, ಅಗಲವಾಗಿ, ಕಪ್ಪಗೆ ಹೊಳೆಯುತ್ತಿತ್ತು. ಮುಂದೆ ಅಂಗೈ ಆಡಿಸಿದೆ. ರೆಪ್ಪೆ ಹೊಡೆಯಿತು.

ಕಣ್ಣಿನ ಪರೀಕ್ಷೆ ಅಷ್ಟಕ್ಕೆ ಮುಗಿಯುವುದಿಲ್ಲ. ಕುದುರೆಯನ್ನು ಕತ್ತಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಟಾರ್ಚು ಬಿಡಬೇಕು. ಪಾಪೆ ಕಿರಿದಾಗುತ್ತದೆಯೇ ನೋಡಬೇಕು. ಟಾರ್ಚು ನನ್ನ ಚೀಲದಲ್ಲೇ ಇತ್ತು. ಒಂದು ನಿಮಿಷ ಕೊಟ್ಟಿಗೆಯೊಳಗೆ ಕರೆದುಕೊಂಡು ಹೋಗೋಣವೇ ಎಂದೆ. ಯಜಮಾನರ ಹೆಂಡತಿಯ ಮುಖ ಸಣ್ಣಗಾಯಿತು. ಮಾರಲೆಂದು ಹೊಸಲು ದಾಟಿಸಿದ ಪ್ರಾಣಿಯನ್ನು ತಿರುಗಿ ಒಳಗೆ ಕಟ್ಟಬಾರದು. ಒಳಗೆ ಬಂದರೆ ಲಕ್ಷ್ಮಿ ಎರಡು ಮನಸ್ಸು ಮಾಡುತ್ತಾಳೆ, ಕೊಂಡವನಿಗೂ ಒಲಿಯುವುದಿಲ್ಲ, ಮಾರಿದವನಿಗೂ ಉಳಿಯುವುದಿಲ್ಲ. ನಮ್ಮ ಕ್ಯಾಲನೂರಿನ ಮನೆಯಲ್ಲೂ ಇದೇ ನಡೆಯುತ್ತಿತ್ತು. ನಮ್ಮ ತಾಯಿ ಹಸು ಮಾರಿದ ದಿನ ಅದು ಕಣ್ಮರೆಯಾಗುವ ತನಕ ಕೊಟ್ಟಿಗೆಗೆ ಅಡ್ಡ ಮರ ಹಾಕಿಡುತ್ತಿದ್ದಳು. ಬೇರೆ ಊರಿನವನಾಗಿದ್ದರೆ ಇದೇನು ಮೂಢನಂಬಿಕೆ ಎಂದು ಒಳಗೆ ಎಳೆದುಕೊಂಡು ಹೋಗುತ್ತಿದ್ದನೋ ಏನೋ. ನಾನು ಅದೇ ಮಣ್ಣಿನವನು. ಬೇಡ ಬಿಡಿ ಅಮ್ಮ ಎಂದುಬಿಟ್ಟೆ. ಟಾರ್ಚು ಚೀಲದಲ್ಲೇ ಉಳಿಯಿತು.

ಆಮೇಲೆ ನನ್ನದೇ ಲಗಾಮು ತೊಡಿಸಿ ಹತ್ತಿದೆ. ಮಾರುವವರು ತಮ್ಮ ಹಗ್ಗ, ಲಗಾಮು ಕೊಡುವುದಿಲ್ಲ. ಅಂಥ ಕುದುರೆಯ ಮೇಲೆ ನಾನು ಅದಕ್ಕೆ ಮೊದಲು ಕೂತಿರಲಿಲ್ಲ, ಆಮೇಲೂ ಕೂತಿಲ್ಲ. ಲಗಾಮು ಕತ್ತಿಗೆ ಸೋಕುವ ಮೊದಲೇ ತಿರುಗಿತೇನೋ ಎನಿಸುತ್ತಿತ್ತು. ಕಿರುಬೆರಳು ಮಡಿಸಿದರೆ ನಿಲ್ಲುತ್ತಿತ್ತು. ಕಿವಿಗಳು ಎಡೆಬಿಡದೆ ಆಡುತ್ತಿದ್ದವು, ಒಂದೊಂದು ಹೆಜ್ಜೆಯನ್ನೂ ಎತ್ತಿ ಎತ್ತಿ ಇಡುತ್ತಿತ್ತು. ಎಂಥ ಗತ್ತು ಎಂದು ನಾನು ಬಾಯಿಬಿಟ್ಟು ಹೊಗಳಿದೆ. ಕಲ್ಲಿನ ಮೇಲೆ ಕೂತಿದ್ದ ಯಜಮಾನರು ನನ್ನನ್ನು ಒಂದು ತರಹ ನೋಡಿದರು.

ದಲ್ಲಾಳಿ ಟವಲು ಹಾಸಿದ. ಅದರ ಕೆಳಗೆ ಅವನ ಬೆರಳು ನಾನು ಹಿಡಿದೆ, ನನ್ನ ಬೆರಳು ಅವನು ಹಿಡಿದ. ಬಾಯಿಬಿಡದೆ ಬೆರಳಲ್ಲೇ ಹೇಳಿದ ರೇಟು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಎರಡು ಸಲ ಒತ್ತಿ ಅದನ್ನೂ ಇಳಿಸಿದೆ. ಭಲೇ ವ್ಯಾಪಾರ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದೆ. ಟವಲು ತೆಗೆದ ಮೇಲೆ ಆ ಪ್ರಾಣಿಯ ಬಗ್ಗೆ ಒಳ್ಳೆಯದಲ್ಲದೆ ಬೇರೆ ಮಾತು ಆಡಬಾರದು, ಅದೂ ಪದ್ಧತಿ. ಯಜಮಾನರ ಹೆಂಡತಿ ಕುದುರೆಯ ಗೊರಸಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟು, ನನಗೂ ಕೈ ಮುಗಿದರು. ನಾನು ಮುಜುಗರದಿಂದ ಹಿಂದೆ ಸರಿದೆ. ಹೊರಡುವಾಗ ಯಜಮಾನರು ಕುದುರೆಯ ಕತ್ತು ಸವರಿ ಒಂದೇ ಮಾತು ಹೇಳಿದರು.

"ಬಿಗಿ ಹಿಡೀಬೇಕಿಲ್ಲ ನಾಯನಾ. ಆದ್ರೆ ಕೈ ಐತೆ ಅಂತ ಅದಕ್ಕೆ ಗೊತ್ತಿರ್ಬೇಕು. ಪೂರಾ ಬಿಟ್ಟುಬಿಡ್ಬೇಡ."

ಸಾಕಿದವರ ಸಂಕಟ ಎಂದುಕೊಂಡು ಆಗಲಿ ಎಂದೆ.

ಮಾಲೂರಿಗೆ ಒಂದೇ ದಿನದಲ್ಲಿ ಸವಾರಿ ಮಾಡಿಕೊಂಡು ಹೋದರೆ ಕುದುರೆಗೆ ಆಯಾಸ. ದಾರಿ ಸ್ವಲ್ಪ ಸುತ್ತಾದರೂ ಕ್ಯಾಲನೂರಿನಲ್ಲಿ ಅಕ್ಕನ ಮನೆಯಲ್ಲಿ ತಂಗುವುದೆಂದು ಹೊರಟೆ. ದಾರಿಯಲ್ಲಿ ಒಂದು ಕೆರೆ ಏರಿಯ ಬಳಿ ಇಳಿದು ಲಗಾಮನ್ನು ನೆಲಕ್ಕೆ ಬಿಟ್ಟೆ. ಎರಡು ಮಾರು ದೂರದಲ್ಲಿ ಹಸಿ ಗರಿಕೆ ಇತ್ತು. ಕುದುರೆ ಅತ್ತ ಒಂದು ಹೆಜ್ಜೆ ಇಡದೆ, ಮುಂಗಾಲೊಂದನ್ನು ಅರ್ಧ ಎತ್ತಿಕೊಂಡು, ನಾನು ತಿರುಗಿ ಬರುವ ತನಕ ಹಾಗೇ ನಿಂತಿತ್ತು. ಲಗಾಮು ಬಿಟ್ಟಲ್ಲೇ ನಿಲ್ಲುವ ಕುದುರೆ ಲಕ್ಷಕ್ಕೊಂದು ಎಂದು ಸಾಹೇಬರು ಹೇಳಿದ್ದು ನೆನಪಾಗಿ, ಅವರ ಮುಖ ನೋಡಲು ನನಗೆ ಆತುರವಾಯಿತು.

ಅಕ್ಕ ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವವಳು. ಸಂಜೆಯ ಹಾಲು ಹಾಕಿ ಬಂದು, ಕುದುರೆಗೆ ಕಲ್ಲುತೊಟ್ಟಿಯಲ್ಲಿ ನೀರು ತುಂಬಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. ಕುದುರೆ ತುಟಿ ಚಾಚಿ ಮೊದಲು ತೊಟ್ಟಿಯ ಅಂಚನ್ನು ತಡವಿತು, ಆಮೇಲೆ ಬಾಯಿ ಇಳಿಸಿತು.

"ಲೇ, ಇದಕ್ಕೆ ಕಣ್ಣು ಕಾಣಲ್ಲ ಕಣೋ," ಎಂದಳು.

ನನಗೆ ರೇಗಿತು. ಇದು ಕುದುರೆ, ನಿನ್ನ ಹಸು ಅಲ್ಲ ಎಂದೆ. ಅವಳು ಒಂದು ಮಂಕರಿಯನ್ನು ಅಂಗಳದ ನಡುವೆ ಬೋರಲು ಹಾಕಿದಳು. ಮೊರದಲ್ಲಿ ಹುರುಳಿ ಹಾಕಿ ಆಚೆ ನಿಂತು ಗಲಗಲ ಆಡಿಸಿದಳು. ಕುದುರೆ ಕಿವಿ ನಿಮಿರಿಸಿ, ಹೆಜ್ಜೆ ಎತ್ತಿ ಎತ್ತಿ ಇಡುತ್ತಾ ನೇರ ಮಂಕರಿಯ ಮೇಲೆ ಕಾಲಿಟ್ಟು ಮುಗ್ಗರಿಸಿತು. ಹೆದರಿ ನಿಂತಲ್ಲೇ ನಡುಗತೊಡಗಿತು.

ಅಕ್ಕನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದು ಟಾರ್ಚು ಬಿಟ್ಟೆ. ಎರಡು ಕಣ್ಣಿನ ಪಾಪೆಯೂ ಹಿಗ್ಗಿದ್ದು ಹಿಗ್ಗಿದ ಹಾಗೇ ಇತ್ತು. ಟಾರ್ಚನ್ನು ರೆಪ್ಪೆಯ ಹತ್ತಿರ ತಂದರೂ ಕಿರಿದಾಗಲಿಲ್ಲ. ಅಂಗೈ ಆಡಿಸಿದಾಗ ಅದು ರೆಪ್ಪೆ ಹೊಡೆದದ್ದು ಗಾಳಿ ತಾಗಿ. ಮೋಡ, ಮರದ ನೆರಳು, ಅಗಲ ಕಪ್ಪು ಕಣ್ಣು, ಎತ್ತಿಡುವ ಹೆಜ್ಜೆ, ಆಡುವ ಕಿವಿ, ಒಂದೊಂದೂ ಸಾಲಾಗಿ ಬಂದು ನನ್ನ ಮುಖಕ್ಕೆ ಹೊಡೆದವು. ಕೈ ಸೋಕುವ ಮೊದಲೇ ಯಾಕೆ ತಿರುಗುತ್ತಿತ್ತು ಎಂಬುದೂ ಗೊತ್ತಾಯಿತು. ಅದರ ಪಾಲಿಗೆ ಲೋಕದಲ್ಲಿ ದಾರಿ ಎಂಬುದು ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ನಾನು ಟಾರ್ಚು ಆರಿಸಿದೆ.

ಮಾರನೆಯ ದಿನ ಕುದುರೆಯನ್ನು ಅಕ್ಕನ ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ಯಲ್ದೂರಿಗೆ ಹೋದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಯಜಮಾನರು ನನ್ನ ಮಾತು ಕೇಳಿ ದಿಗ್ಭ್ರಮೆಯಿಂದ ಹೆಂಡತಿಯ ಕಡೆ ತಿರುಗಿದರು.

"ನೀನು ಕಣ್ ಮುಂದೆ ಕೈ ಆಡ್ಸಿ ನೋಡ್ದೆ ಅಲ್ವಾ ನಾಯನಾ? ಗೊತ್ತಾಗೇ ತಗೊಂತಾ ಇದೀಯ ಅಂದ್ಕೊಂಡ್ವಿ. ಕಣ್ಣಿಲ್ಲದ ಕುದುರೆ ರೇಟೇ ಕೇಳು ಅಂತ ದಲ್ಲಾಳಿಗೆ ಹೇಳಿದ್ದೆ. ಬೆರಳು ಹೇಳಿದ್ಮೇಲೆ ಬಾಯಲ್ಲಿ ಯಾಕೆ ಐಬು ಆಡ್ಬೇಕು? ಇಂಥ ಪುಣ್ಯಾತ್ಮ ಸಿಕ್ಕಿದ್ನಲ್ಲಾ ಅಂತ ನಮ್ಮಾಕೆ ನಿಂಗೆ ಕೈ ಮುಗಿದ್ಳು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ತೋಪಿನಲ್ಲಿ ಹಾವು ಕಂಡು ಕುದುರೆ ಮುಂಗಾಲೆತ್ತಿ ಹಿಂದಕ್ಕೆ ಬಿದ್ದು ನೆತ್ತಿ ಬಂಡೆಗೆ ಬಡಿದಿತ್ತು. ಕಣ್ಣು ತಿಳಿಯಾಗೇ ಉಳಿದು ನೋಟ ಮಾತ್ರ ಹೋಯಿತು. ಆಮೇಲೂ ಆಪರೇಷನ್ ಆಗುವ ತನಕ ಯಜಮಾನರು ದಿನವೂ ಅದರ ಮೇಲೆಯೇ ತೋಪು ಸುತ್ತಿದ್ದರು. ಒಂದು ದಿನವೂ ಅದು ಅವರನ್ನು ಕೊಂಬೆಗೆ ಬಡಿಸಿರಲಿಲ್ಲ. ಅವರ ಹೆಂಡತಿ ಕಣ್ಣೊರೆಸಿಕೊಂಡು, ತಿರುಗಿ ಬಂದರೆ ಬರಲಿ, ಶಾಸ್ತ್ರ ಹಾಳಾಗಿ ಹೋಗಲಿ, ನಾಳೆಯೇ ಕರೆದುಕೊಂಡು ಬಾ ಎಂದರು. ಯಜಮಾನರು ದುಡ್ಡು ಹಿಂದಕ್ಕೆ ಕೊಡಲು ಆಗಲೇ ಎದ್ದಿದ್ದರು. ನಾನು, ಇರಲಿ, ನಾಳೆ ಬರುತ್ತೇನೆ ಎಂದು ಬಸ್ಸು ಹತ್ತಿದೆ.

ತೀರ್ಮಾನ ಮಾಡಿದ್ದು ಆ ಬಸ್ಸಿನಲ್ಲಿ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಮೋಸವನ್ನೂ ಮಾಡಲಿಲ್ಲ. ಕುದುರೆ ಹಿಂದಕ್ಕೆ ಕೊಟ್ಟರೆ ಕೈ ಖಾಲಿ, ದಿನ ಕಡಿಮೆ. ಕುರುಡು ಕುದುರೆ ಕೊಂಡೆನೆಂದು ಸಾಹೇಬರಿಗೆ ಹೇಳುವುದಂತೂ ಸಾಧ್ಯವೇ ಇಲ್ಲ. ಮೊದಲು ಅವರು ಅದರ ಓಟ ನೋಡಲಿ, ನೋಡಿ ಮೆಚ್ಚಿದ ಮೇಲೆ ಸಮಯ ನೋಡಿ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೈದಾನ ಮಟ್ಟಸವಾಗಿದೆ, ಸುತ್ತ ಬೇಲಿಯಿದೆ, ಮೇಲೆ ಕೂರುವವನು ನಾನು. ಇನ್ನೇನು ಬೇಕು? ಆಸೆ ಇದೆಯಲ್ಲ, ಅದು ಬಹಳ ಚೆನ್ನಾಗಿ ಲೆಕ್ಕ ಹಾಕುತ್ತದೆ. ಕುದುರೆಯನ್ನು ನಾನೇ ಇಟ್ಟುಕೊಳ್ಳುತ್ತೇನೆಂದು ಯಲ್ದೂರಿಗೆ ಹೇಳಿ ಕಳಿಸಿ, ಅದರ ಹಣೆಯ ಕುಂಕುಮ ಒರೆಸಿ ಮಾಲೂರಿಗೆ ತಂದೆ. ಅಕ್ಕ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ.

ಸಾಹೇಬರು ಕುದುರೆಯ ಮೊದಲ ಸುತ್ತು ನೋಡಿದೊಡನೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅದು ಅವರು ದೊಡ್ಡವರಿಗೆ ಮಾತ್ರ ತೋರಿಸುವ ಮರ್ಯಾದೆ. ಹೇಳಲು ಅಂದೇ ಒಳ್ಳೆಯ ಸಮಯವಿತ್ತು. ನಾನು ಹೇಳಲಿಲ್ಲ.

ಆಮೇಲಿನ ಕೆಲಸವೆಲ್ಲ ಮುಚ್ಚಿಡುವ ಕೆಲಸ. ಕುದುರೆಯನ್ನು ಲಾಯದಿಂದ ತರುವುದು, ಒಳಗೆ ಕಟ್ಟುವುದು, ನೀರು, ಮೇವು ಯಾವುದನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಪಳಗುವಾಗ ಬೇರೆ ಕೈ ಬಿದ್ದರೆ ಕೆಡುತ್ತದೆಂದು ಹೇಳಿ ಸಾಹೇಬರನ್ನೂ ಹತ್ತಗೊಡಲಿಲ್ಲ. ಲಾಯದ ಬಕೆಟ್ಟು, ಗೂಟ ಇಟ್ಟಲ್ಲೇ ಇರುವಂತೆ ನೋಡಿಕೊಂಡೆ. ನೋಡುವವರಿಗೆ ಲಗಾಮು ಸಡಿಲವಾಗಿಯೇ ಕಾಣುತ್ತಿತ್ತು. ತೋಳಿನ ಮರೆಯಲ್ಲಿ ಕಿರುಬೆರಳು ಮಾತ್ರ ಅದನ್ನು ಬಿಡುತ್ತಿರಲಿಲ್ಲ. ನೇರ ಓಟವೇ ಕಷ್ಟದ್ದು. ಮೈದಾನದ ತುದಿಗೆ ಕಲ್ಲುಕಂಬದ ಬೇಲಿ. ಬೇಲಿಗೆ ಇಪ್ಪತ್ತೈದು ಹೆಜ್ಜೆ ಮೊದಲು ಅಡ್ಡಕ್ಕೆ ಎರಡು ಮಾರು ಅಗಲ ಒಡೆದ ಹೆಂಚಿನ ಚೂರು ಹಾಸಿಸಿದೆ. ಗೊರಸಿನ ಕೆಳಗೆ ಚೂರು ಕರಕರ ಎಂದೊಡನೆ ನಾನು ಬೆರಳು ಮಡಿಸುತ್ತಿದ್ದೆ. ಒಂದು ವಾರದಲ್ಲಿ ಚೂರು ಸಿಕ್ಕಿದೊಡನೆ ಅದು ತಾನಾಗಿಯೇ ಹಿಂಗಾಲು ಊರಿ ಜಾರಿ ನಿಲ್ಲುವುದನ್ನು ಕಲಿತುಬಿಟ್ಟಿತು. ಹಿಂದಕ್ಕೆ ಭಾರ ಬಿಡುವ ಸನ್ನೆಯನ್ನು ನಾನು ಅದಕ್ಕೆ ಕಲಿಸಲೇ ಇಲ್ಲ. ಸಾಹೇಬರು ಕೇಳಿದಾಗ ಮಳೆ ನೀರು ಇಂಗಲಿ ಎಂದು ಹಾಸಿಸಿದ್ದೇನೆ ಎಂದೆ. ಅಷ್ಟು ಹೊತ್ತಿಗೆ ಸುಳ್ಳು ನನ್ನ ಬಾಯಿಗೆ ಸಲೀಸಾಗಿತ್ತು.

ಗೆಳೆಯರು ಬರುವ ಹಿಂದಿನ ದಿನ ಸಾಹೇಬರು ಮೈದಾನ ಚೊಕ್ಕ ಮಾಡಿಸಿದರು. ಕುರ್ಚಿ ಹಾಕುವ ಆಳುಗಳು ಹೆಂಚಿನ ಚೂರನ್ನೆಲ್ಲ ಗುಡಿಸಿ ಹೊಸ ಮರಳು ಚೆಲ್ಲಿದ್ದರು. ನಾನು ನೋಡಿದಾಗ ಕೆಲಸ ಮುಗಿದಿತ್ತು. ತಿರುಗಿ ಹಾಸಲು ಕಾರಣ ಹೇಳಬೇಕಿತ್ತು. ಹೇಗೂ ಸವಾರಿ ನನ್ನದು, ಬೆರಳಿದೆ ಎಂದು ಸುಮ್ಮನಾದೆ.

ಬೆಳಗ್ಗೆ ಹತ್ತು ಗಂಟೆ ಇರಬೇಕು. ಒಳ್ಳೆ ಬಿಸಿಲು. ನಾನು ಜೀನು ಬಿಗಿದು ಕುದುರೆಯನ್ನು ಹೊರಗೆ ತರುವಷ್ಟರಲ್ಲಿ ಸಾಹೇಬರು ಬೂಟು ಹಾಕಿಕೊಂಡು ಎದುರಿಗೆ ಬಂದರು. ಗೆಳೆಯರು ಬಹಳ ಒತ್ತಾಯ ಮಾಡಿದ್ದರಂತೆ. ತಾವೇ ಹತ್ತುವುದಾಗಿ ಹೇಳಿ, ನನ್ನ ಕೈಯಿಂದ ಲಗಾಮು ತೆಗೆದುಕೊಂಡು ಜೀನು ಏರಿದರು. ಪಾದ ಊರುವ ರಿಕಾಪನ್ನು ಅವರ ಅಳತೆಗೆ ಇಳಿಸಲು ನಾನು ಬಗ್ಗಿದೆ. ಒಂದು ಕಡೆಯ ಪಟ್ಟಿ ಬಿಚ್ಚಿ, ಇಳಿಸಿ, ಬಿಗಿದು, ಸುತ್ತಿ ಬಂದು ಇನ್ನೊಂದು ಕಡೆಯದನ್ನು ಬಿಚ್ಚಿ ಬಿಗಿದೆ. ಎರಡು ನಿಮಿಷವಾದರೂ ಹಿಡಿದಿರುತ್ತದೆ. ಅಷ್ಟು ಹೊತ್ತು ಅವರ ಮಂಡಿ ನನ್ನ ಮುಖದ ಪಕ್ಕದಲ್ಲೇ ಇತ್ತು.

"ಸಾರ್, ಲಗಾಮು ಪೂರ್ತಿ ಸಡಿಲ ಬಿಡಬೇಡಿ," ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

"ಸಡಿಲ ಬಿಡದೇ ಇದ್ರೆ ಇದು ರೈನಿಂಗ್ ಹೇಗಾಗುತ್ತಯ್ಯ? ನನಗೇ ಪಾಠ ಹೇಳ್ತೀಯಾ?" ಎಂದು ನಗುತ್ತಾ ನನ್ನ ಹೆಗಲು ತಟ್ಟಿ ಹೋದರು.

ದೊಡ್ಡ ಸುತ್ತು, ಚಿಕ್ಕ ಸುತ್ತು ಹೂವೆತ್ತಿದ ಹಾಗೆ ಆಯಿತು. ನಿಂತಲ್ಲೇ ಸುತ್ತುವಾಗ ಗೆಳೆಯರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅದುವರೆಗೂ ಪಟ್ಟಿ ಕತ್ತಿಗೆ ತಾಗುತ್ತಲೇ ಇತ್ತು. ಆಮೇಲೆ ಅವರು ಮೈದಾನದ ಆ ತುದಿಗೆ ಹೋಗಿ ತಿರುಗಿ, ನೇರ ಓಟಕ್ಕೆ ಬಿಟ್ಟರು. ಎಲ್ಲರಿಗೂ ಕಾಣಲೆಂದು ಲಗಾಮಿನ ಕೈಯನ್ನು ಮುಂದಕ್ಕೆ ಚಾಚಿ ಪಟ್ಟಿಯನ್ನು ಜೋತುಬಿಟ್ಟರು. ಕುದುರೆಯ ಕಿವಿ ಎರಡೂ ಹಿಂದಕ್ಕೆ ತಿರುಗಿದ್ದನ್ನು ನಾನು ಕಂಡೆ. ಕೈಗಾಗಿ ಅದು ಹುಡುಕುತ್ತಿತ್ತು. ಚೂರು ಇರಬೇಕಾದ ಜಾಗ ದಾಟಿತು. ಸಾಹೇಬರು ಹಿಂದಕ್ಕೆ ಭಾರ ಬಿಟ್ಟು ಕೂತರು. ಗೊರಸಿನ ಸದ್ದು ನಿಧಾನವಾಗಲೇ ಇಲ್ಲ. ಕುರುಡು ಸಾರ್ ಎಂದು ನಾನು ಕೂಗಿದೆ ಎಂದು ಬಹಳ ವರ್ಷ ನಂಬಿದ್ದೆ. ಕೂಗಿರಲಿಲ್ಲ. ಬಾಯಿ ತೆರೆದಿತ್ತು, ಅಷ್ಟೇ.

ಸಾಹೇಬರು ಬೇಲಿಯ ಆಚೆ ಹೋಗಿ ಬಿದ್ದರು. ಎಲ್ಲರೂ ಅವರ ಕಡೆ ಓಡಿದರು. ನಾನು ಕುದುರೆಯ ಕಡೆ ಹೋದೆ. ಕಲ್ಲುಕಂಬ ಎರಡು ತುಂಡಾಗಿತ್ತು. ಕುದುರೆ ಮುಂಗಾಲು ಎರಡೂ ಮುರಿದು, ಎದೆ ಬಿರಿದು ಬಿದ್ದುಕೊಂಡಿತ್ತು. ಲಗಾಮು ಕಂಬದ ತುಂಡಿನ ಕೆಳಗೆ ಸಿಕ್ಕಿಕೊಂಡಿದೆಯೆಂದು ನಾನು ಎಳೆದು ಬಿಡಿಸಿದೆ. ಹಾಗೆ ಬಿಡಿಸುವಾಗ ಪಟ್ಟಿ ಅದರ ಕತ್ತಿನ ಎಡಭಾಗಕ್ಕೆ ಸೋಕಿತು. ಕುದುರೆ ತಲೆಯೆತ್ತಿ, ಆ ಕಾಲುಗಳನ್ನೇ ನೆಲಕ್ಕೆ ಒತ್ತಿ, ಬಲಕ್ಕೆ ತಿರುಗಲು ನೋಡಿತು. ನಾನು ಪಟ್ಟಿಯನ್ನು ಕತ್ತಿಗೆ ತಾಗದಂತೆ ಎತ್ತಿ ಹಿಡಿದುಕೊಂಡೆ. ದನದ ಡಾಕ್ಟರು ಬಂದು ಸೂಜಿ ಹಾಕುವ ತನಕ ಹಾಗೇ ಹಿಡಿದುಕೊಂಡು ಕೂತಿದ್ದೆ. ತೋಳು ಮರಗಟ್ಟಿತು. ಆ ನೋವು ನನಗೆ ಬೇಕಾಗಿತ್ತು.

ಸಾಹೇಬರ ಹೆಗಲ ಮೂಳೆ ಮುರಿದಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಆಸ್ಪತ್ರೆಗೆ ನೋಡಲು ಹೋದಾಗ ಎಲ್ಲವನ್ನೂ ಹೇಳಿಬಿಡುವುದೆಂದೇ ಹೋಗಿದ್ದೆ. ಅವರು ನನಗಿಂತ ಮೊದಲು ಮಾತಾಡಿದರು. ನೀನು ಹೇಳಿದ್ದೆ, ನಾನೇ ಕೇಳಲಿಲ್ಲ, ಗೆಳೆಯರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೋಗಿ ಅಂಥ ಕುದುರೆಯನ್ನು ಕೊಂದೆ ಎಂದು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಂದಿದ್ದ ಮಾತು ಹೊಟ್ಟೆಯಲ್ಲೇ ಉಳಿಯಿತು. ನನ್ನ ಕೆಲಸವೂ ಉಳಿಯಿತು.

ಮುಳಬಾಗಿಲಿನ ದಲ್ಲಾಳಿ ಒಮ್ಮೆ ಕೋಲಾರದಲ್ಲಿ ಸಿಕ್ಕಿ, ಯಲ್ದೂರಿನವರು ಕುದುರೆ ಹೇಗಿದೆ ಎಂದು ಕೇಳುತ್ತಿರುತ್ತಾರೆ ಎಂದ. ಚೆನ್ನಾಗಿದೆ ಎಂದು ಹೇಳಿ ಕಳಿಸಿದೆ.

ಸಾಹೇಬರು ಮತ್ತೆ ಕುದುರೆ ಹತ್ತಲಿಲ್ಲ. ಆದರೆ ಹೊಸದಾಗಿ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಆ ಮುರಿದ ಕಂಬ ತೋರಿಸಿ, ನನ್ನ ಗರ್ವದಿಂದ ಇಲ್ಲಿ ಒಂದು ಕುದುರೆ ಸತ್ತಿತು ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಹಾಗೆ ಆರೇಳು ವರ್ಷ ನಡೆಯಿತು.

ಕೊನೆಗೆ ಅವರು ಹಾಸಿಗೆ ಹಿಡಿದರು. ಎದೆಗೂಡಿನೊಳಗೆ ನೀರು ತುಂಬಿ ಉಸಿರಾಡುವುದೇ ಕಷ್ಟವಾಗಿತ್ತು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದಾಗ ಕಣ್ಣು ಬಿಟ್ಟು ಸೂರು ನೋಡಿದರು.

"ಲಗಾಮು ಸಡಿಲ ಇತ್ತು, ಸರಿ. ಆದ್ರೆ ಎದುರಿಗೆ ಬೇಲಿ ಇತ್ತಲ್ಲಯ್ಯ," ಎಂದರು. "ಯಾವ ಕುದುರೆ ಆದ್ರೂ ನಿಲ್ಲುತ್ತೆ. ಅದು ಯಾಕೆ ನಿಲ್ಲಲಿಲ್ಲ? ನೀನು ಅದನ್ನ ತಂದೋನು. ನಿನಗೇನಾದ್ರೂ ಗೊತ್ತಾ?"

ಅವರು ನನ್ನ ಕಡೆ ತಿರುಗಿ ಕಾಯುತ್ತಿದ್ದರು. ಒಳಗೆ ಎಲ್ಲೋ ಅವರಿಗೆ ಅನುಮಾನವಿತ್ತೋ, ಇಲ್ಲ ತಮ್ಮ ಮೇಲಿನ ಭಾರ ಯಾರಾದರೂ ಇಳಿಸಲಿ ಎಂಬ ಆಸೆಯಿತ್ತೋ, ನನಗೆ ಇವತ್ತಿಗೂ ತಿಳಿಯದು.

"ಇಲ್ಲ ಸಾರ್," ಎಂದೆ.

ಅವರು ತಲೆಯಾಡಿಸಿ ಗೋಡೆಯ ಕಡೆ ಹೊರಳಿಕೊಂಡರು. ನಾನು ಅವರ ದಿಂಬು ಸರಿಮಾಡಿ, ಮಾತ್ರೆಯ ಹೊತ್ತು ಆಗಿತ್ತು, ನೀರು ತರಲು ಎದ್ದು ಹೋದೆ.